ಮಾಲ್‌ನಲ್ಲಿ ಉಳಿದ ಹತ್ತು ರೂಪಾಯಿ ಯಾರ ಜೇಬಿನದು?



ತಿಂಗಳ ಮೊದಲ ಭಾನುವಾರ ಟ್ರಾಲಿ ತಳ್ಳಿಕೊಂಡು ದೊಡ್ಡ ಸೂಪರ್ ಮಾರ್ಕೆಟ್ ಒಳಗೆ ಹೋಗುತ್ತೀರಿ. ಮುಂಬೈಯಾಗಲಿ, ಪುಣೆಯಾಗಲಿ, ಹೈದರಾಬಾದೇ ಆಗಲಿ, ಒಳಗಿನ ನೋಟ ಒಂದೇ. ನಿಮ್ಮ ಬೀದಿಯ ಕಿರಾಣಿ ಅಂಗಡಿಯವರು ಎಂ.ಆರ್.ಪಿ.ಗೆ ಕೊಡುವ ಪ್ಯಾಕೆಟ್ ಇಲ್ಲಿ ಹತ್ತು ರೂಪಾಯಿ ಕಡಿಮೆ. ‘ಅಲ್ಲಾ, ಇವರಿಗೆ ಹೇಗೆ ಕಟ್ಟುತ್ತೆ?’ ಎಂದು ನಾವೆಲ್ಲ ಒಂದಲ್ಲ ಒಂದು ಸಲ ಕೇಳಿಕೊಂಡವರೇ. ಲಾರಿಗಟ್ಟಲೆ ಕೊಳ್ಳುತ್ತಾರೆ, ಅದಕ್ಕೇ ಅಗ್ಗ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದು ಸುಳ್ಳಲ್ಲ, ಆದರೆ ಅರ್ಧ ಉತ್ತರ. ಇನ್ನರ್ಧಕ್ಕೆ ಅಮೆರಿಕದ ಒಂದು ಉಪ್ಪಿನಕಾಯಿ ಜಾಡಿಯ ಕಥೆ ಕೇಳಿ.

ಉಪ್ಪಿನಕಾಯಿ ಎಂದಕೂಡಲೇ ನಿಮ್ಮ ಬಾಯಲ್ಲಿ ನೀರೂರಬಹುದು. ಇದು ನಮ್ಮ ಖಾರದ ಅಪ್ಪೆಮಿಡಿ ಅಲ್ಲ, ವಿನೆಗರ್ ನೀರಿನಲ್ಲಿ ಮುಳುಗಿಸಿಟ್ಟ ಸೌತೆ. ಅಮೆರಿಕದಲ್ಲಿ ಇದಕ್ಕೆ ದೊಡ್ಡ ಹೆಸರು ವ್ಲಾಸಿಕ್ ಕಂಪನಿಯದು. ತೊಂಬತ್ತರ ದಶಕದ ಕೊನೆಯಲ್ಲಿ ವಾಲ್‌ಮಾರ್ಟ್ ಮಳಿಗೆಗಳು ಈ ಕಂಪನಿಯ ಒಂದು ಗ್ಯಾಲನ್ ಜಾಡಿಯನ್ನು 2 ಡಾಲರ್ 97 ಸೆಂಟಿಗೆ ಮಾರಲು ಶುರುಮಾಡಿದವು. ಒಂದು ಗ್ಯಾಲನ್ ಅಂದರೆ ಸುಮಾರು 3.8 ಲೀಟರ್. ನಮ್ಮ ಅಜ್ಜಿಯಂದಿರ ಭರಣಿಯೇ ಸರಿ! ಚಾರ್ಲ್ಸ್ ಫಿಶ್‌ಮನ್ ಎಂಬ ಪತ್ರಕರ್ತರು 2003ರ ಡಿಸೆಂಬರ್‌ನಲ್ಲಿ ‘ಫಾಸ್ಟ್ ಕಂಪನಿ’ ಪತ್ರಿಕೆಯಲ್ಲಿ ಇದರ ಒಳಲೆಕ್ಕವನ್ನು ಬಿಡಿಸಿಟ್ಟರು. ವಾರಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಜಾಡಿ ಖರ್ಚಾಗುತ್ತಿತ್ತಂತೆ. ಒಂದು ಜಾಡಿಯ ಮೇಲೆ ಸಿಗುತ್ತಿದ್ದ ಲಾಭ ಮಾತ್ರ ಒಂದೋ ಎರಡೋ ಸೆಂಟು.

ಮಾರಾಟ ಇಷ್ಟು ಜೋರಿದ್ದರೂ ಕಂಪನಿಗೆ ಸಂಕಟ ಶುರುವಾಯಿತು. ಮನೆಯಲ್ಲಿ ಭರಣಿಗಟ್ಟಲೆ ಸೌತೆ ಇರುವಾಗ ಕಂಪನಿಗೆ ನಿಜವಾಗಿ ಲಾಭ ತರುತ್ತಿದ್ದ ಚಿಕ್ಕ ಸೀಸೆಯನ್ನು ಯಾರು ಕೊಳ್ಳುತ್ತಾರೆ? ಉಪ್ಪಿನಕಾಯಿಯಿಂದ ಬರುತ್ತಿದ್ದ ಲಾಭ ಕಾಲು ಭಾಗಕ್ಕಿಂತ ಹೆಚ್ಚು ಕುಸಿಯಿತು. ಬೆಲೆ ಸ್ವಲ್ಪ ಏರಿಸೋಣವೇ ಎಂದು ಕಂಪನಿಯವರು ಕೇಳಿಕೊಂಡರು. ಹಾಗೆ ಮಾಡಿದರೆ ನಿಮ್ಮ ಬೇರೆ ಸರಕನ್ನೂ ಕೊಳ್ಳುವುದಿಲ್ಲ ಎಂಬ ಅರ್ಥದ ಉತ್ತರ ಬಂತೆಂದು ಫಿಶ್‌ಮನ್ ಬರೆಯುತ್ತಾರೆ. ಕಡೆಗೂ ಅರ್ಧ ಗ್ಯಾಲನ್ ಜಾಡಿಗೆ ಒಪ್ಪಿಗೆ ಸಿಕ್ಕಿತು, ಆ ಹೊತ್ತಿಗೆ ತಡವಾಗಿತ್ತು. 2001ರ ಜನವರಿಯಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಜಾಡಿಯೊಂದೇ ಅದಕ್ಕೆ ಕಾರಣ ಎನ್ನುವುದು ಅನ್ಯಾಯದ ಮಾತಾದೀತು. ಕಂಪನಿಯ ತಲೆಯ ಮೇಲೆ ಹಳೆಯ ಸಾಲವೂ ಇತ್ತು. ಆದರೆ ಬೇಡ ಎನ್ನುವ ಶಕ್ತಿ ಇಲ್ಲದವನ ಜೊತೆ ನಡೆಯುವ ವ್ಯಾಪಾರ ಹೇಗಿರುತ್ತದೆ ಎಂಬುದಕ್ಕೆ ಇಷ್ಟು ಸ್ಪಷ್ಟ ಉದಾಹರಣೆ ನನಗಂತೂ ಬೇರೆ ಕಂಡಿಲ್ಲ.

ಅಷ್ಟು ದೊಡ್ಡ ಕಂಪನಿಯ ಪಾಡೇ ಹೀಗಾದರೆ ಬಳ್ಳಿ ಬೆಳೆಸುವವರ ಪಾಡೇನು? ಇಲ್ಲಿ ನಮ್ಮ ನಾಡಿನ ಸಂಬಂಧ ಬರುತ್ತದೆ. ವ್ಲಾಸಿಕ್ ಜಾಡಿಯ ಸೌತೆ ನಮ್ಮದೆಂದು ನಾನು ಹೇಳುತ್ತಿಲ್ಲ. ಆದರೆ ಈ ಜಾತಿಯ ಮಿಡಿಸೌತೆ, ಅಂದರೆ ಗರ್ಕಿನ್, ಭಾರತದಲ್ಲಿ ರಫ್ತಿಗೆಂದು ಮೊದಲು ಶುರುವಾದದ್ದು ಕರ್ನಾಟಕದಲ್ಲೇ, ತೊಂಬತ್ತರ ದಶಕದ ಆರಂಭದಲ್ಲಿ. ಆಮೇಲೆ ತಮಿಳುನಾಡು, ಆಂಧ್ರ, ತೆಲಂಗಾಣಕ್ಕೂ ಹಬ್ಬಿತು. 2020-21ರಲ್ಲಿ ಭಾರತ 2,23,515 ಟನ್ ಸೌತೆ ಮತ್ತು ಮಿಡಿಸೌತೆಯನ್ನು ಹೊರದೇಶಗಳಿಗೆ ಕಳಿಸಿತು. ಬೆಲೆ 22 ಕೋಟಿ ಡಾಲರಿಗೂ ಮೇಲೆ. ಕೇಂದ್ರ ಸರ್ಕಾರದ ಲೆಕ್ಕದಂತೆ ಇದರ ಹಿಂದೆ ಸುಮಾರು 90,000 ಸಣ್ಣ ರೈತರಿದ್ದಾರೆ, ಎಲ್ಲರೂ ಕರಾರು ಕೃಷಿಯವರು. ಬೀಜ, ಗೊಬ್ಬರ ಕಂಪನಿಯದು, ಬೆಲೆ ಮೊದಲೇ ನಿಗದಿ.

ತೊಂಬತ್ತು ದಿನಗಳ ಬೆಳೆ. ಕಾಯಿ ಬಿಡಲು ಶುರುವಾದರೆ ದಿನಾ ಕೊಯ್ಲು. ಕಾಯಿ ಸಣ್ಣದಾದಷ್ಟೂ ಬೆಲೆ ಹೆಚ್ಚು. ಒಂದು ದಿನ ಆಳು ಸಿಗದಿದ್ದರೆ ಮಾರನೆಯ ದಿನಕ್ಕೆ ಅದೇ ಕಾಯಿ ಉಬ್ಬಿ ಕೆಳಗಿನ ದರ್ಜೆಗೆ ಇಳಿಯುತ್ತದೆ. ಎಲ್ಲಕ್ಕಿಂತ ಮುಖ್ಯ ಸಂಗತಿ ಎಂದರೆ ಇದನ್ನು ನಮ್ಮ ದೇಶದಲ್ಲಿ ತಿನ್ನುವವರೇ ಇಲ್ಲವೆನ್ನಬೇಕು. ಟೊಮೇಟೊ ಆದರೆ ಒಬ್ಬರು ಬೇಡವೆಂದರೆ ಸಂತೆಗೆ ಒಯ್ಯಬಹುದು. ಕಂಪನಿ ತಿರಸ್ಕರಿಸಿದ ಮಿಡಿಸೌತೆಯನ್ನು ಎಲ್ಲಿಗೆ ಒಯ್ಯುತ್ತೀರಿ? ಹಾಗೆಂದು ಈ ಬೆಳೆ ಕೆಟ್ಟದ್ದಲ್ಲ. ಬೆಲೆ ಮೊದಲೇ ಗೊತ್ತಿರುವುದು ನಮ್ಮ ರೈತನಿಗೆ ಸಣ್ಣ ವರವೇನೂ ಅಲ್ಲ. ಆದರೆ ದೂರದ ಮಳಿಗೆಯವರು ನಾಲ್ಕು ಸೆಂಟು ಇಳಿಸಿ ಎಂದಾಗ ಆ ಮಾತು ಆಮದುದಾರನಿಂದ ರಫ್ತುದಾರನಿಗೆ, ಅವನಿಂದ ಹೊಲಕ್ಕೆ ಬರುತ್ತದೆ. ಅಲ್ಲಿಂದ ಕೆಳಗೆ ಇಳಿಸಲು ಇನ್ನು ಉಳಿದಿರುವುದು ಕೊಯ್ಯುವ ಹೆಂಗಸರ ಕೂಲಿ ಮಾತ್ರ.

ಬೆಲೆಯ ಮಾತಾಯಿತು. ಆ ಹಣವಾದರೂ ಕೈಗೆ ಯಾವಾಗ ಬರುತ್ತದೆ? ಬ್ರಿಟನ್ನಿನಲ್ಲಿ ಇದಕ್ಕೆಂದೇ ಒಬ್ಬ ಅಧಿಕಾರಿ ಇದ್ದಾರೆ. ದೊಡ್ಡ ದಿನಸಿ ಮಳಿಗೆಗಳು ಸರಕು ಕೊಡುವವರನ್ನು ಹೇಗೆ ನಡೆಸಿಕೊಳ್ಳಬೇಕು ಎಂಬ ನಿಯಮಾವಳಿ 2010ರಲ್ಲಿ ಜಾರಿಗೆ ಬಂತು, ಅದನ್ನು ನೋಡಿಕೊಳ್ಳಲು 2013ರಲ್ಲಿ ಕ್ರಿಸ್ಟೀನ್ ಟೇಕನ್ ಮೊದಲ ತೀರ್ಪುಗಾರರಾಗಿ ಬಂದರು. ಅವರು ಟೆಸ್ಕೊ ಕಂಪನಿಯನ್ನು ತನಿಖೆ ಮಾಡಿ 2016ರ ಜನವರಿಯಲ್ಲಿ ವರದಿ ಕೊಟ್ಟರು. ತನ್ನ ಲಾಭದ ಲೆಕ್ಕ ಚೆನ್ನಾಗಿ ಕಾಣಲೆಂದು ಟೆಸ್ಕೊ ಬೇಕೆಂದೇ ಪಾವತಿಗಳನ್ನು ತಡೆದಿತ್ತು. ಒಬ್ಬ ಪೂರೈಕೆದಾರರಿಗೆ ಬರಬೇಕಿದ್ದ ಹತ್ತಾರು ಲಕ್ಷ ಪೌಂಡ್ ಹಣ, ತಪ್ಪು ತೋರಿಸಿಕೊಟ್ಟ ಮೇಲೂ, ಬಂದದ್ದು ವರ್ಷ ಕಳೆದ ನಂತರ. ದಂಡ ಮಾತ್ರ ಬೀಳಲಿಲ್ಲ. ದಂಡ ಹಾಕುವ ಅಧಿಕಾರ ಟೇಕನ್ ಅವರಿಗೆ ಸಿಕ್ಕಿದ್ದು 2015ರಲ್ಲಿ, ತಪ್ಪುಗಳು ಅದಕ್ಕೂ ಹಿಂದಿನವು! ಇನ್ನೊಂದು ಕೊರತೆಯೂ ಇದೆ. ಮಳಿಗೆಗೆ ನೇರವಾಗಿ ಸರಕು ಕೊಡುವವರಿಗಷ್ಟೇ ಆ ನಿಯಮದ ರಕ್ಷಣೆ. ಮಧ್ಯೆ ಒಬ್ಬ ವ್ಯಾಪಾರಿ ಬಂದರೆ ರೈತ ಹೊರಗೇ ಉಳಿಯುತ್ತಾನೆ.

ಇನ್ನು ನಮ್ಮೂರುಗಳ ವಿಷಯ. ಬಿಗ್ ಬಜಾರ್ ನಿಮಗೆ ನೆನಪಿರಬೇಕಲ್ಲ? ಅದನ್ನು ನಡೆಸುತ್ತಿದ್ದ ಫ್ಯೂಚರ್ ರೀಟೇಲ್ 2022ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. 2024ರಲ್ಲಿ ಅದರ ಆಸ್ತಿ ಮಾರಿ ಕಂಪನಿಯನ್ನು ಮುಚ್ಚಲು ಆದೇಶವಾಯಿತು. ಇಂಥ ಸಮಯದಲ್ಲಿ ಬಂದ ಹಣ ಹಂಚಲು ಕಾನೂನು ಒಂದು ಸರದಿ ಹಾಕಿದೆ. ಅಡಮಾನ ಇಟ್ಟುಕೊಂಡು ಸಾಲ ಕೊಟ್ಟ ಬ್ಯಾಂಕುಗಳು ಮುಂದೆ, ನಂಬಿಕೆಯ ಮೇಲೆ ಸರಕು ಇಳಿಸಿ ಹೋದವರು ಬಹಳ ಹಿಂದೆ. ಇದಕ್ಕೆ ತದ್ವಿರುದ್ಧ ದಾರಿ ಹಿಡಿದದ್ದು ಡಿಮಾರ್ಟ್. 2002ರಲ್ಲಿ ಮುಂಬೈಯ ಪೊವೈಯಲ್ಲಿ ಮೊದಲ ಮಳಿಗೆ ತೆರೆದ ಇವರು ಪೂರೈಕೆದಾರರಿಗೆ ಬೇಗ ಹಣ ಕೊಟ್ಟು, ಅದಕ್ಕೆ ಬದಲಾಗಿ ರಿಯಾಯಿತಿ ಪಡೆಯುವುದಕ್ಕೆ ಹೆಸರಾದವರು. ಇದೇನೂ ದಾನಧರ್ಮವಲ್ಲ, ಶುದ್ಧ ವ್ಯಾಪಾರದ ಲೆಕ್ಕ. ಆದರೂ ಯಾರನ್ನೂ ಕಾಯಿಸದೆ ಅಗ್ಗಕ್ಕೆ ಮಾರಬಹುದು ಎಂಬುದಕ್ಕೆ ಇದು ಸಾಕ್ಷಿ. ತಡ ಪಾವತಿ ಇಲ್ಲದೆ ಈ ವ್ಯಾಪಾರ ನಡೆಯುವುದೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಕಡೆಯದಾಗಿ, ನಿಮ್ಮಲ್ಲಿ ಹಪ್ಪಳ, ಚಕ್ಕುಲಿ, ಚಟ್ನಿಪುಡಿ ತಯಾರಿಸಿ ದೊಡ್ಡ ಮಳಿಗೆಗೆ ಹಾಕುವವರಿದ್ದರೆ ಅವರಿಗೆ ನಾಲ್ಕು ಮಾತು. 2006ರ ಸಣ್ಣ ಉದ್ಯಮಗಳ ಕಾಯ್ದೆಯ ಪ್ರಕಾರ ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳ ಹಣವನ್ನು ಕೊಳ್ಳುವವರು ಹೆಚ್ಚೆಂದರೆ 45 ದಿನಗಳಲ್ಲಿ ಕೊಡಲೇಬೇಕು. ಬರವಣಿಗೆಯ ಕರಾರು ಇಲ್ಲದಿದ್ದರೆ 15 ದಿನವಷ್ಟೇ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಅವಧಿ ಮೀರಿ ಬಾಕಿ ಉಳಿಸಿಕೊಂಡ ಹಣವನ್ನು ಕೊಳ್ಳುವವರು ಆ ವರ್ಷದ ಖರ್ಚೆಂದು ತೆರಿಗೆ ಲೆಕ್ಕದಲ್ಲಿ ತೋರಿಸುವಂತಿಲ್ಲ ಎಂಬ ತಿದ್ದುಪಡಿ 2024ರ ಏಪ್ರಿಲ್ 1ರಿಂದ ಬಂದಿದೆ. ಇದು ಬಡ್ಡಿಗಿಂತ ಚುರುಕು ಮುಟ್ಟಿಸುವ ಅಸ್ತ್ರ ಎಂದು ನನ್ನ ಭಾವನೆ. ಆದರೆ ಇದೆಲ್ಲ ತಯಾರಕರಿಗೆ, ಬರೀ ಕೊಂಡು ಮಾರುವವರಿಗಲ್ಲ. ಸರಕು ಕೊಡುವ ಮೊದಲೇ ‘ಉದ್ಯಮ್’ ನೋಂದಣಿ ಮಾಡಿಸಿ. ಅದಕ್ಕೆ ಸರ್ಕಾರಿ ಶುಲ್ಕವಿಲ್ಲ, ಏಜೆಂಟರಿಗೆ ದುಡ್ಡು ಸುರಿಯಬೇಡಿ. ನೋಂದಣಿ ಸಂಖ್ಯೆಯನ್ನು ಬಿಲ್ಲಿನ ಮೇಲೆ ಅಚ್ಚು ಹಾಕಿಸಿ, ಸರಕು ತಲುಪಿದ ದಿನದ ರಸೀದಿಗೆ ಮಳಿಗೆಯವರ ಸಹಿ ಪಡೆದು ಜೋಪಾನವಾಗಿಡಿ. ಹಣ ಬಾರದಿದ್ದರೆ ನಿಮ್ಮ ರಾಜ್ಯದ ಫೆಸಿಲಿಟೇಶನ್ ಕೌನ್ಸಿಲ್‌ಗೆ ದೂರು ಕೊಡಬಹುದು. ಅಲ್ಲಿ ಮೊದಲು ಕೇಳುವುದೇ ಆ ಬಿಲ್ಲು ಮತ್ತು ರಸೀದಿಯನ್ನು.