ಪಕ್ಷಿಗೃಹದಲ್ಲಿ ಮೊಟ್ಟೆಯ ರಕ್ಷಣೆ

ಹಕ್ಕಿಯನ್ನು ಸಾಕುವುದು ಒಂದು ಕಾರ್ಯ. ಸಾಕಿದ ಹಕ್ಕಿಯು ಮೊಟ್ಟೆಯಿಟ್ಟು ಮರಿಮಾಡುವಂತೆ ನೋಡಿಕೊಳ್ಳುವುದು ಅದಕ್ಕಿಂತ ಬಹಳ ಕಠಿನವಾದ ಇನ್ನೊಂದು ಕಾರ್ಯ. ಮೊದಲನೆಯದಕ್ಕೆ ಕಾಳು, ನೀರು, ನೆರಳು, ಶುಚಿತ್ವ ಇವಿದ್ದರೆ ಬಹುಮಟ್ಟಿಗೆ ಸಾಕಾಗುವುದು. ಎರಡನೆಯದಕ್ಕೆ ಇವೆಲ್ಲವುಗಳ ಜೊತೆಗೆ ತಿಳಿವಳಿಕೆ ಬೇಕು, ತಾಳ್ಮೆ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಯಾವಾಗ ಕೈ ಹಚ್ಚಬಾರದು ಎಂಬ ವಿವೇಕ ಬೇಕು. ಈ ಮಾತಿಗೆ ನಿದರ್ಶನವನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಮುಂಬಯಿಯ ಬೈಕುಲ್ಲಾದಲ್ಲಿಯೇ ಅದು ದೊರೆಯುತ್ತದೆ.

ಬೈಕುಲ್ಲಾದ ರಾಣಿಬಾಗನ್ನು ಅರಿಯದ ಮುಂಬಯಿಗರು ವಿರಳ. 1862ರಲ್ಲಿ ವಿಕ್ಟೋರಿಯಾ ಗಾರ್ಡನ್ಸ್ ಎಂಬ ಹೆಸರಿನಿಂದ ತೆರೆದ ಆ ಉದ್ಯಾನವು ಈಗ ವೀರಮಾತಾ ಜೀಜಾಬಾಯಿ ಭೋಸಲೆ ಉದ್ಯಾನವೆಂದು ಕರೆಯಲ್ಪಡುತ್ತಿದೆ. 2016ರ ಜುಲೈ ತಿಂಗಳಲ್ಲಿ ದಕ್ಷಿಣ ಕೊರಿಯಾದ ಸಿಯೋಲ್ ನಗರದಿಂದ 8 ಹಂಬೋಲ್ಟ್ ಪೆಂಗ್ವಿನ್‌ಗಳನ್ನು ಇಲ್ಲಿಗೆ ತಂದರು. ಅವುಗಳಲ್ಲಿ ಒಂದು ಅದೇ ವರ್ಷದ ಅಕ್ಟೋಬರದಲ್ಲಿ ತೀರಿಕೊಂಡಿತು. ಉಳಿದ ಏಳನ್ನು ತಂಪುಗೊಳಿಸಿದ ಗಾಜಿನ ಮನೆಯೊಂದರಲ್ಲಿರಿಸಿ, 2017ರ ಮಾರ್ಚ್‌ನಲ್ಲಿ ಜನರಿಗೆ ತೋರಿಸಲಾರಂಭಿಸಿದರು. ಪೆಂಗ್ವಿನ್ ಎಂದೊಡನೆ ಹಿಮದ ನಾಡು ನಮ್ಮ ಕಣ್ಣಮುಂದೆ ಬರುವುದು ಸಹಜ. ಆದರೆ ಹಂಬೋಲ್ಟ್ ಪೆಂಗ್ವಿನ್‌ಗಳು ಪೆರು ಮತ್ತು ಚಿಲಿ ದೇಶಗಳ ಕಡಲ ತೀರದವು. ಹಿಮದ ಮೇಲಲ್ಲ, ಬಂಡೆಗಳ ಸಂದಿಗಳಲ್ಲಿಯೂ ಬಿಲಗಳಲ್ಲಿಯೂ ಅವು ಗೂಡುಮಾಡುತ್ತವೆ.

2018ರ ಜುಲೈ 5ರಂದು ಫ್ಲಿಪ್ಪರ್ ಎಂಬ ಹೆಣ್ಣು ಪೆಂಗ್ವಿನ್ ಮೊಟ್ಟೆಯಿಟ್ಟಿತು. ಅದೂ, ಅದರ ಜೊತೆಗಾರನಾದ ಮಿಸ್ಟರ್ ಮೋಲ್ಟ್ ಎಂಬ ಗಂಡೂ ಸರದಿಯಂತೆ ಕಾವು ಕೊಟ್ಟವು. ಈ ಜಾತಿಯ ಮೊಟ್ಟೆಗೆ ಸುಮಾರು 40 ದಿನಗಳ ಕಾವು ಬೇಕು. ಲೆಕ್ಕಕ್ಕೆ ಸರಿಯಾಗಿ ಆಗಸ್ಟ್ 15ರ ರಾತ್ರಿ ಮರಿಯು ಹೊರಬಂತು. ಭಾರತದ ನೆಲದಲ್ಲಿ ಹುಟ್ಟಿದ ಮೊದಲ ಪೆಂಗ್ವಿನ್ ಮರಿಯೆಂದು ಪತ್ರಿಕೆಗಳು ಅದನ್ನು ಕೊಂಡಾಡಿದವು. ಸ್ವಾತಂತ್ರ್ಯ ದಿನದಂದೇ ಹುಟ್ಟಿತೆಂದು ಜನರು ಹಿಗ್ಗಿದರು. ಆದರೆ ಒಂದೇ ವಾರದಲ್ಲಿ, ಆಗಸ್ಟ್ 22ರಂದು, ಅದು ಸತ್ತುಹೋಯಿತು. ಮೊಟ್ಟೆಯೊಳಗಿನ ಹಳದಿ ಲೋಳೆಯ ಚೀಲವು ಮರಿಯ ಮೈಯಲ್ಲಿ ಜೀರ್ಣವಾಗದೆ ಉಳಿದಿತ್ತು, ಯಕೃತ್ತು ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ ಎಂದು ಪರೀಕ್ಷೆಯಿಂದ ತಿಳಿದುಬಂತು.

ತಂಪಿನ ಯಂತ್ರಗಳು, ಪಶುವೈದ್ಯರು, ಹಗಲಿರುಳು ಕಾಯುವ ಸಿಬ್ಬಂದಿ ಇಷ್ಟೆಲ್ಲ ಇದ್ದ ಸ್ಥಳದಲ್ಲಿಯೂ ಒಂದು ಮರಿಯ ಪ್ರಾಣವು ಇಷ್ಟು ಸೂಕ್ಷ್ಮವಾದುದಾದರೆ, ನಮ್ಮ ಮನೆಯ ಗ್ಯಾಲರಿಯಲ್ಲಿ ತೂಗುವ ಪಂಜರದ ಮೊಟ್ಟೆಗಳ ವಿಷಯದಲ್ಲಿ ನಾವು ಎಷ್ಟು ಎಚ್ಚರದಿಂದಿರಬೇಕು! ಇದನ್ನು ಅರಿಯಬೇಕಾದರೆ ಮೊದಲು ಮೊಟ್ಟೆಯೆಂದರೇನೆಂಬುದನ್ನು ತಿಳಿಯಬೇಕು.

ಮೊಟ್ಟೆಯು ಮುಚ್ಚಿದ ಡಬ್ಬಿಯಲ್ಲ. ಅದು ಉಸಿರಾಡುವ ವಸ್ತು. ಅದರ ಚಿಪ್ಪಿನಲ್ಲಿ ಕಣ್ಣಿಗೆ ಕಾಣದಂತಹ ಸಾವಿರಾರು ರಂಧ್ರಗಳಿರುತ್ತವೆ. ಅವುಗಳ ಮೂಲಕ ಪ್ರಾಣವಾಯು ಒಳಗೆ ಹೋಗುತ್ತದೆ. ಅಂಗಾರಾಮ್ಲವಾಯುವೂ ನೀರಿನ ಆವಿಯೂ ಹೊರಕ್ಕೆ ಬರುತ್ತವೆ. ಹೀಗೆ ಸ್ವಲ್ಪ ಸ್ವಲ್ಪವಾಗಿ ನೀರು ಕಡಿಮೆಯಾದಂತೆ, ಮೊಟ್ಟೆಯ ದಪ್ಪ ತುದಿಯಲ್ಲಿರುವ ಗಾಳಿಯ ಕೋಣೆಯು ದೊಡ್ಡದಾಗುತ್ತ ಹೋಗುವುದು. ಹೊರಬರುವ ಕಾಲವು ಸಮೀಪಿಸಿದಾಗ ಮರಿಯು ಒಳಪೊರೆಯನ್ನು ಚುಚ್ಚಿ ಈ ಕೋಣೆಯ ಗಾಳಿಯಲ್ಲಿಯೇ ತನ್ನ ಮೊದಲ ಉಸಿರನ್ನೆಳೆಯುತ್ತದೆ. ಆಮೇಲೆ ಕೊಕ್ಕಿನ ತುದಿಯಲ್ಲಿರುವ ಸಣ್ಣ ಗಟ್ಟಿ ಮೊನೆಯಿಂದ ಚಿಪ್ಪನ್ನು ಒಡೆಯತೊಡಗುವುದು. ಅದೇ ವೇಳೆಯಲ್ಲಿ ಹಳದಿ ಲೋಳೆಯ ಚೀಲವು ಅದರ ಹೊಟ್ಟೆಯೊಳಕ್ಕೆ ಸೇರಿಕೊಂಡು, ಮೊದಲ ಕೆಲವು ದಿನಗಳ ಬುತ್ತಿಯಾಗಿ ನಿಲ್ಲುವುದು. ಬೈಕುಲ್ಲಾದ ಮರಿಗೆ ದಕ್ಕದೆ ಹೋದುದು ಈ ಬುತ್ತಿಯೇ.

ಈ ವಿವರಣೆಯಿಂದ ಎರಡು ನಿಯಮಗಳು ತಾವಾಗಿಯೇ ಹೊರಡುತ್ತವೆ. ಒಂದು: ಮೊಟ್ಟೆಯನ್ನು ತೊಳೆಯಬಾರದು. ಚಿಪ್ಪಿನ ಮೇಲೆ ರೋಗಾಣುಗಳನ್ನು ತಡೆಯುವ ತೆಳುವಾದ ಲೇಪವೊಂದಿರುತ್ತದೆ. ತೊಳೆದರೆ ಅದು ಹೋಗಿ, ರಂಧ್ರಗಳಿಂದ ಕೊಳೆಯು ಒಳಸೇರುವುದು. ಎರಡು: ಚಿಪ್ಪು ಬಿರಿದುದನ್ನು ಕಂಡು ಕನಿಕರದಿಂದ ಮರಿಯನ್ನು ಬಿಡಿಸಹೋಗಬಾರದು. ಬಿರುಕು ಕಂಡ ಮೇಲೂ ಪೂರ್ತಿ ಹೊರಬರಲು ಮರಿಗೆ ಅನೇಕ ಗಂಟೆಗಳು ಹಿಡಿಯುತ್ತವೆ. ಆ ಅವಧಿಯಲ್ಲಿ ಪೊರೆಯ ರಕ್ತನಾಳಗಳು ಬತ್ತಬೇಕು, ಲೋಳೆಯ ಚೀಲವು ಒಳಸೇರಬೇಕು. ಅವಸರದಿಂದ ಬಿಡಿಸಿದರೆ ರಕ್ತ ಸುರಿದು ಮರಿಯು ಸಾಯಬಹುದು.

ಇನ್ನು ಮನೆಯಲ್ಲಿ ಸಾಕುವ ಹಕ್ಕಿಗಳ ಮಾತು. ಯಾವುದನ್ನು ಸಾಕಬಹುದು, ಯಾವುದನ್ನು ಸಾಕಬಾರದು ಎಂಬುದನ್ನು ಮೊದಲೇ ತಿಳಿದಿರಬೇಕು. ನಮ್ಮ ದೇಶದ ಹಸಿರು ಗಿಣಿ, ಮೈನಾ, ಮುನಿಯಾ ಮೊದಲಾದ ಕಾಡುಹಕ್ಕಿಗಳನ್ನು ಹಿಡಿಯುವುದೂ ಮಾರುವುದೂ ಪಂಜರದಲ್ಲಿಡುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಪರದೇಶದಿಂದ ಬಂದ ಬೂದುಗಿಣಿ, ಮಕಾವ್ ಮುಂತಾದವುಗಳನ್ನು ಸಾಕುವವರು, 2022ರಲ್ಲಿ ಆ ಕಾಯಿದೆಗೆ ಮಾಡಿದ ತಿದ್ದುಪಡಿಯಂತೆ, ಅವುಗಳನ್ನು ಸರಕಾರದಲ್ಲಿ ನೋಂದಾಯಿಸಬೇಕು. ಮರಿ ಹುಟ್ಟಿದರೆ ಅದನ್ನೂ ತಿಳಿಸಬೇಕು. ಪಂಜರದಲ್ಲಿಯೇ ತಲೆತಲಾಂತರದಿಂದ ಬೆಳೆದು ಬಂದ ಬಜರಿಗರ್, ಕಾಕಟೀಲ್, ಜೀಬ್ರಾ ಫಿಂಚ್ ಇವು ಹೊಸಬರಿಗೆ ತಕ್ಕವು. ಮುಂಬಯಿಯ ಅಂಗಡಿಗಳಲ್ಲಿ 'ಲವ್‌ಬರ್ಡ್ಸ್' ಎಂದು ಮಾರುವ ಸಣ್ಣ ಹಕ್ಕಿಯು ಅನೇಕ ವೇಳೆ ಬಜರಿಗರ್ ಆಗಿರುತ್ತದೆ. ಅದು ಆಸ್ಟ್ರೇಲಿಯಾದ ಒಣ ಬಯಲಿನ ಗಿಣಿ. 1840ರಲ್ಲಿ ಜಾನ್ ಗೌಲ್ಡ್ ಎಂಬ ಪಕ್ಷಿಶಾಸ್ತ್ರಜ್ಞರು ಅದನ್ನು ಜೀವಂತವಾಗಿ ಇಂಗ್ಲೆಂಡಿಗೆ ತಂದ ಮೇಲೆ ಅದು ಲೋಕದ ಎಲ್ಲೆಡೆಗೂ ಹರಡಿತು.

ಬಜರಿಗರ್ ಹಕ್ಕಿಗೆ ಒಂದು ವರ್ಷ ತುಂಬುವವರೆಗೆ ಗೂಡನ್ನು ಕೊಡದಿರುವುದು ಒಳ್ಳೆಯದು. ಸಾಮಾನ್ಯ ಬಣ್ಣದ ಜಾತಿಗಳಲ್ಲಿ ಕೊಕ್ಕಿನ ಮೇಲ್ಭಾಗದ ಮೆತ್ತನೆಯ ಚರ್ಮವು ಬೆಳೆದ ಗಂಡಿಗೆ ನೀಲಿಯಾಗಿಯೂ, ಹೆಣ್ಣಿಗೆ ಕಂದಾಗಿಯೂ ಇರುವುದು. ಒಂದೇ ಪಕ್ಷಿಗೃಹದಲ್ಲಿ ಅನೇಕ ಜೋಡಿಗಳಿದ್ದರೆ, ಜೋಡಿಗಳಿಗಿಂತ ಒಂದೆರಡು ಹೆಚ್ಚು ಪೆಟ್ಟಿಗೆಗಳನ್ನು ಒಂದೇ ಎತ್ತರದಲ್ಲಿ ತೂಗುಹಾಕತಕ್ಕದ್ದು. ಇಲ್ಲವಾದರೆ ಮೇಲಿನ ಗೂಡಿಗಾಗಿ ಹೆಣ್ಣುಗಳು ಕಾದಾಡಿ ಒಂದರ ಮೊಟ್ಟೆಯನ್ನು ಇನ್ನೊಂದು ಒಡೆದುಹಾಕುವುವು. ಪೆಟ್ಟಿಗೆಯ ತಳವು ನಡುವೆ ತುಸು ತಗ್ಗಾಗಿರಬೇಕು. ತಳವು ಚಪ್ಪಟೆಯಾದರೆ ಮೊಟ್ಟೆಗಳು ಉರುಳಿ ಚದರಿ, ಕೆಲವಕ್ಕೆ ಕಾವು ತಾಗದೆ ಹೋಗುವುದು.

ಈ ಹಕ್ಕಿಯು ದಿನ ಬಿಟ್ಟು ದಿನಕ್ಕೊಂದರಂತೆ 4ರಿಂದ 6 ಮೊಟ್ಟೆಗಳನ್ನಿಡುತ್ತದೆ. ಕಾವು ಕೊಡುವುದು ಹೆಣ್ಣೊಂದೇ. ಗಂಡು ಅದಕ್ಕೆ ಆಹಾರವನ್ನು ತಂದು ಉಣಿಸುತ್ತಿರುವುದು. ಒಂದೊಂದು ಮೊಟ್ಟೆಗೂ ಸುಮಾರು 18 ದಿನಗಳ ಕಾವು. ಮೊದಲ ಒಂದೆರಡು ಮೊಟ್ಟೆಗಳಾದೊಡನೆಯೇ ಕಾವು ಆರಂಭವಾಗುವುದರಿಂದ ಮರಿಗಳೂ ಒಂದರ ಹಿಂದೆ ಒಂದು ಹೊರಬರುತ್ತವೆ. ಕಾಕಟೀಲ್‌ನಲ್ಲಿ ಗಂಡುಹೆಣ್ಣುಗಳೆರಡೂ ಸರದಿಯಂತೆ ಕುಳಿತುಕೊಳ್ಳುವುವು; ಅದರ ಅವಧಿ 18ರಿಂದ 21 ದಿನಗಳು. ಜೀಬ್ರಾ ಫಿಂಚ್‌ಗೆ ಎರಡು ವಾರಗಳೊಳಗೆ ಮುಗಿಯುವುದು. ಮೊದಲ ಮೊಟ್ಟೆಯಿಟ್ಟ ದಿನವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ ಮುಂದಿನದೆಲ್ಲವನ್ನೂ ನಾವು ಲೆಕ್ಕ ಹಾಕಬಹುದು.

ಐದಾರು ದಿನಗಳ ಕಾವಿನ ತರುವಾಯ, ತಾಯಿಯು ತಾನಾಗಿ ಹೊರಬಂದ ಸಮಯದಲ್ಲಿ, ಕತ್ತಲೆಯಲ್ಲಿ ಸಣ್ಣ ಟಾರ್ಚಿನ ಬೆಳಕನ್ನು ಮೊಟ್ಟೆಯ ಹಿಂದೆ ಹಿಡಿದರೆ ಅದರೊಳಗಣ ಸ್ಥಿತಿಯು ತಿಳಿಯುವುದು. ಕೆಂಪು ನಾಳಗಳ ಜಾಲ ಕಂಡರೆ ಜೀವವಿದೆ; ಬರಿಯ ಹಳದಿ ಬೆಳಕು ಕಂಡರೆ ಬಹುಶಃ ಅದು ಫಲಿಸದ ಮೊಟ್ಟೆ. ಆದರೂ ಅದನ್ನು ಕೂಡಲೇ ಎಸೆಯಬಾರದು. ಕಣ್ಣಂದಾಜು ತಪ್ಪಬಹುದು, ಮೇಲಾಗಿ ಮೊಟ್ಟೆಗಳನ್ನು ತೆಗೆದರೆ ಹೆಣ್ಣು ಆ ಕೊರತೆಯನ್ನು ತುಂಬಲು ಮತ್ತೆ ಮತ್ತೆ ಮೊಟ್ಟೆಯಿಟ್ಟು ಸೊರಗುವುದು. ಕೊನೆಯ ಮೊಟ್ಟೆಯ ಅವಧಿಯು ಮುಗಿದು ನಾಲ್ಕೈದು ದಿನಗಳು ಕಳೆದ ಮೇಲೆ ತೆಗೆದರಾಯಿತು.

ತಾಯಿಯು ಕೆಲವು ನಿಮಿಷ ಗೂಡು ಬಿಟ್ಟು ಹೋದರೆ ನಾವು ಗಾಬರಿಪಡಬೇಕಾಗಿಲ್ಲ. ಮೊಟ್ಟೆಯು ಸ್ವಲ್ಪ ತಣ್ಣಗಾಗುವುದನ್ನು ತಾಳಿಕೊಳ್ಳುತ್ತದೆ. ಅತಿಯಾದ ಬಿಸಿಯನ್ನು ತಾಳಲಾರದು. ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುವ ಗ್ಯಾಲರಿಯಲ್ಲಿಯೂ, ತಗಡಿನ ಮಾಡಿನ ಕೆಳಗೂ ಗೂಡಿಡುವುದು ಮೊಟ್ಟೆಯನ್ನು ಬೇಯಿಸಿದಂತೆಯೇ ಸರಿ. ಮಳೆಗಾಲದಲ್ಲಿ ಮುಂಬಯಿಯ ಗಾಳಿಯು ತೇವದಿಂದ ತುಂಬಿರುತ್ತದೆ. ಆಗ ಮೊಟ್ಟೆಯಿಂದ ನೀರು ಆರುವುದು ನಿಧಾನವಾಗುವುದು. ಗೂಡಿನ ಮರದ ಹೊಟ್ಟು ಬೂಷ್ಟು ಹಿಡಿಯುವುದು. ಡಬ್ಬಿಯ ಕಾಳೂ ಕೆಡುವುದು. ಬೂಷ್ಟು ಹಿಡಿದ ಕಾಳು ಹಕ್ಕಿಗೆ ವಿಷ. ಆದುದರಿಂದ ಆಷಾಢ ಶ್ರಾವಣಗಳಲ್ಲಿ ಗೂಡು ಪೆಟ್ಟಿಗೆಯನ್ನು ತೆಗೆದಿಟ್ಟು, ಮಳೆ ಹಿಂದೆಗೆದ ಮೇಲೆ ಕೊಡುವುದೇ ಲೇಸು. ಇರುವೆಗಳು ಆಗತಾನೆ ಹೊರಬಂದ ಮರಿಯನ್ನು ಮುತ್ತಿ ಕೊಲ್ಲುತ್ತವೆ; ಪಂಜರದ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿಟ್ಟರೆ ಈ ಭಯವಿಲ್ಲ. ಇಲಿ, ಬೆಕ್ಕು, ಕಾಗೆಗಳಿಗೆ ಎಟುಕದಂತೆ ಸಣ್ಣ ಕಣ್ಣಿನ ಜಾಳಿಗೆಯೂ ಇರಬೇಕು.

ಮೊಟ್ಟೆಯ ಚಿಪ್ಪು ಸುಣ್ಣದಿಂದಾದುದು. ತಾಯಿಯ ಆಹಾರದಲ್ಲಿ ಸುಣ್ಣದ ಅಂಶ ಸಾಲದಿದ್ದರೆ ಅದು ತನ್ನ ಎಲುಬಿನಿಂದಲೇ ಅದನ್ನು ತೆಗೆದುಕೊಡುವುದು. ಬರಿಯ ಕಾಳು ತಿಂದ ಹಕ್ಕಿಯ ಮೊಟ್ಟೆಯು ಮೆತ್ತಗಾಗಿ, ಹೊರಬರದೆ ಒಳಗೇ ಸಿಕ್ಕಿಕೊಳ್ಳುವುದುಂಟು. ಇದು ಪ್ರಾಣಾಪಾಯದ ಸ್ಥಿತಿ. ಹೆಣ್ಣು ಹಕ್ಕಿಯು ಗರಿಯುಬ್ಬಿಸಿಕೊಂಡು ಪಂಜರದ ತಳದಲ್ಲಿ ಕುಳಿತು ತಿಣುಕುತ್ತಿದ್ದರೆ, ಬಾಲವು ಉಸಿರಿನೊಡನೆ ಏರಿಳಿಯುತ್ತಿದ್ದರೆ, ಹೊಟ್ಟೆಯನ್ನು ಎಂದಿಗೂ ಒತ್ತಬಾರದು. ಹಕ್ಕಿಯನ್ನು ಬೆಚ್ಚಗಿಟ್ಟು ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಬೈಕುಲ್ಲಾಕ್ಕೆ ಸಮೀಪದ ಪರೇಲಿನಲ್ಲಿ 1886ರಲ್ಲಿ ಸ್ಥಾಪಿತವಾದ ಮುಂಬಯಿ ಪಶುವೈದ್ಯಕೀಯ ಮಹಾವಿದ್ಯಾಲಯವೂ, ಬಾಯಿ ಸಕರಬಾಯಿ ದಿನ್ಶಾ ಪೆಟಿಟ್ ಪ್ರಾಣಿ ಆಸ್ಪತ್ರೆಯೂ ಇರುವುದು ಈ ನಗರದ ಭಾಗ್ಯ. ಆದರೆ ಈ ಸಂಕಟವು ಬಾರದಂತೆ ಮಾಡುವುದೇ ಮೇಲು. ಸಮುದ್ರಫೇನ, ಅಂದರೆ ನಾವು ಕಡಲನೊರೆಯೆಂದು ಕರೆಯುವ ಬಿಳಿಯ ಹಗುರ ತುಂಡನ್ನು ಪಂಜರದಲ್ಲಿ ಸದಾ ಕಟ್ಟಿರಬೇಕು. ಅಂಗಡಿಯವರು ಕಾಂಗ್ನಿ ಎನ್ನುವ ನಮ್ಮ ನವಣೆ, ಸಜ್ಜೆ, ಬರಗು ಇವುಗಳ ಜೊತೆಗೆ ಮೊಳಕೆಯ ಹೆಸರುಕಾಳು, ತೊಳೆದ ಪಾಲಕ, ನುಗ್ಗೆಸೊಪ್ಪು, ಬೇಯಿಸಿದ ಮೊಟ್ಟೆಯ ಚೂರು ಇವನ್ನು ಕೊಡುತ್ತಿರಬೇಕು. ಊದುಬತ್ತಿಯ ಹೊಗೆ, ಸೊಳ್ಳೆಬತ್ತಿಯ ಹೊಗೆ, ಕಾದ ನಾನ್‌ಸ್ಟಿಕ್ ಬಾಣಲೆಯ ಆವಿ ಇವು ಹಕ್ಕಿಯ ಸೂಕ್ಷ್ಮ ಶ್ವಾಸಕೋಶಗಳಿಗೆ ಮಾರಕವಾದವು.

ಮರಿಗಳು ಸುಮಾರು ಐದು ವಾರಗಳಲ್ಲಿ ಗೂಡು ಬಿಡುವುವು. ತಾವೇ ಕಾಳು ಒಡೆದು ತಿನ್ನುವುದನ್ನು ಕಲಿಯುವವರೆಗೆ ತಂದೆಯು ಅವಕ್ಕೆ ಉಣಿಸುತ್ತಿರುತ್ತದೆ. ಆ ಮೊದಲು ಅಗಲಿಸಬಾರದು. ವರ್ಷದಲ್ಲಿ ಎರಡು ಸಲಕ್ಕಿಂತ ಹೆಚ್ಚು ಮರಿಮಾಡಗೊಡದೆ, ಪೆಟ್ಟಿಗೆಯನ್ನು ತೆಗೆದು ತಾಯಿಗೆ ವಿಶ್ರಾಂತಿ ಕೊಡುವುದು ನಮ್ಮ ಕರ್ತವ್ಯ.

ಬೈಕುಲ್ಲಾದ ಕಥೆಯು 2018ಕ್ಕೆ ಮುಗಿಯಲಿಲ್ಲ. 2021ರ ಮೇ 1ರಂದು ಡೊನಾಲ್ಡ್ ಮತ್ತು ಡೈಸಿ ಎಂಬ ಜೋಡಿಗೆ ಒಂದು ಮರಿ ಹುಟ್ಟಿತು. ಅದೇ ವರ್ಷ ಆಗಸ್ಟ್ 19ರಂದು, ಮೊದಲ ಮರಿಯನ್ನು ಕಳೆದುಕೊಂಡಿದ್ದ ಮಿಸ್ಟರ್ ಮೋಲ್ಟ್ ಮತ್ತು ಫ್ಲಿಪ್ಪರ್ ಜೋಡಿಗೂ ಮತ್ತೊಂದು ಮರಿಯಾಯಿತು. ಓರಿಯೋ, ಆಸ್ಕರ್ ಎಂದು ಹೆಸರು ಪಡೆದ ಈ ಎರಡು ಮರಿಗಳೂ ಬದುಕಿ ಬೆಳೆದವು. ಒಂದು ಮೊಟ್ಟೆ ಸೋತರೂ ಜೋಡಿಯು ಸೋತಂತಲ್ಲ. ಹಕ್ಕಿಗಳಿಗೆ ಆರೋಗ್ಯವೂ ನೆಮ್ಮದಿಯೂ ಇದ್ದರೆ ಮುಂದಿನ ಋತುವಿಗೆ ಅವು ಮತ್ತೆ ಗೂಡಿಗೆ ಹೋಗುವುವು ಎಂಬುದು ಇದರಿಂದ ನಮಗೆ ವ್ಯಕ್ತವಾಗುತ್ತದೆ.

ಕಡೆಯದಾಗಿ ಒಂದು ಮಾತು. ಒಂದು ಜೋಡಿ ಬಜರಿಗರ್ ವರ್ಷಕ್ಕೆರಡು ಸಲ ನಾಲ್ಕು ನಾಲ್ಕು ಮರಿ ಮಾಡಿದರೂ ವರ್ಷಾಂತ್ಯಕ್ಕೆ ಮನೆಯಲ್ಲಿ 10 ಹಕ್ಕಿಗಳಾಗುವುವು. ಹೆಚ್ಚಾದುವನ್ನು ಬಾನಿಗೆ ಹಾರಿಬಿಡುವುದು ಬಿಡುಗಡೆಯಲ್ಲ. ಪಂಜರದಲ್ಲಿ ಹುಟ್ಟಿದ ಹಕ್ಕಿಯು ಮುಂಬಯಿಯ ಕಾಗೆ ಹದ್ದುಗಳ ನಡುವೆ ಬಹುಕಾಲ ಬದುಕಲಾರದು. ಆದುದರಿಂದ ಗೂಡು ಪೆಟ್ಟಿಗೆಯನ್ನು ತೂಗುಹಾಕುವ ಮೊದಲೇ, ಹುಟ್ಟುವ ಮರಿಗಳಿಗೆ ಎಡೆಯೆಲ್ಲಿ, ಅವನ್ನು ಆದರದಿಂದ ಸಾಕುವವರಾರು ಎಂದು ನಾವು ಕೇಳಿಕೊಳ್ಳಬೇಕು. ಉತ್ತರವು ದೊರೆಯದಿದ್ದರೆ ಪೆಟ್ಟಿಗೆಯನ್ನು ಇಡದಿರುವುದೂ ಪಕ್ಷಿಪಾಲನೆಯೇ.