ಓವರ್‌ಲಾಕ್ ಯಂತ್ರದ ಮುನಿಸು ಮತ್ತು ಉಪಚಾರ

ನಮ್ಮ ಮನೆಗಳಿಗೆ ಹೊಲಿಗೆಯ ಯಂತ್ರ ಹೊಸದಲ್ಲ. ತವರಿನಿಂದ ಬಂದದ್ದೋ, ಕಂತಿನಲ್ಲಿ ಕೊಂಡದ್ದೋ, ಒಂದು ಯಂತ್ರ ಕಿಟಕಿಯ ಬಳಿ ಇದ್ದೇ ಇರುತ್ತದೆ. ಈಚೆಗೆ ಮಾದಾಪುರದ ಕೆಲವು ಮನೆಗಳಲ್ಲಿ ಅದರ ಪಕ್ಕದಲ್ಲಿ ಇನ್ನೊಂದು ಗಿಡ್ಡ ಯಂತ್ರ ಬಂದು ಕುಳಿತಿದೆ. ಬೆನ್ನ ಮೇಲೆ ನಾಲ್ಕು ದಾರದ ಕೋನುಗಳನ್ನು ಹೊತ್ತಿರುವ ಇದಕ್ಕೆ ದರ್ಜಿಗಳು ಓವರ್‌ಲಾಕ್ ಎನ್ನುತ್ತಾರೆ. ಅಮೆರಿಕದವರು ಸರ್ಜರ್ ಎನ್ನುತ್ತಾರೆ. ಇದರ ಹಣೆಬರಹವೊಂದು ವಿಚಿತ್ರ. ಬಂದ ಮೊದಲ ತಿಂಗಳು ಮನೆಗೆಲ್ಲ ಕಣ್ಮಣಿ. ಒಮ್ಮೆ ದಾರ ಹರಿದು, ಮತ್ತೆ ಪೋಣಿಸಲು ಬಾರದೆ ಹೋಯಿತೆಂದರೆ ನೇರವಾಗಿ ಅಟ್ಟಕ್ಕೆ!

ಅಟ್ಟ ಸೇರಿದರೆ ನಷ್ಟ ಯಂತ್ರದ ಬೆಲೆಯಷ್ಟೇ ಅಲ್ಲ. ನೆರೆಹೊರೆಯವರ ರವಿಕೆ, ಮಕ್ಕಳ ಲಂಗ ಹೊಲಿದುಕೊಟ್ಟು ಮನೆಯ ಖರ್ಚಿಗೆ ಕೈ ಜೋಡಿಸುವ ಸೋದರಿಯರು ನಮ್ಮಲ್ಲಿದ್ದಾರೆ. ಅವರ ಯಂತ್ರ ಒಂದು ವಾರ ನಿಂತರೆ ಒಂದು ವಾರದ ಸಂಪಾದನೆ ನಿಂತಂತೆ. ಜೊತೆಗೆ, ಈ ಯಂತ್ರ ಹೊಲಿಯುವುದರೊಡನೆ ಬಟ್ಟೆಯನ್ನು ಕತ್ತರಿಸುತ್ತದೆ. ಊರಿನಿಂದ ಯಾರೋ ಅಕ್ಕರೆಯಿಂದ ತಂದುಕೊಟ್ಟ ಗುಳೇದಗುಡ್ಡದ ಖಣವನ್ನು ನಂಬಿ ನಿಮ್ಮ ಕೈಗೆ ಕೊಟ್ಟಿರುತ್ತಾರೆ. ಸಾಮಾನ್ಯ ಯಂತ್ರದಲ್ಲಿ ತಪ್ಪಿದ ಹೊಲಿಗೆಯನ್ನು ಬಿಚ್ಚಬಹುದು. ಇಲ್ಲಿ ಬ್ಲೇಡಿಗೆ ಸಿಕ್ಕ ಖಣ ಮರಳಿ ಕೂಡದು. ಆದ್ದರಿಂದ ಇದರ ಸ್ವಭಾವವನ್ನು ತಿಳಿದುಕೊಳ್ಳುವುದು ಅಗತ್ಯ.

ಸ್ವಭಾವ

ಅಮೆರಿಕದ ಕನೆಕ್ಟಿಕಟ್ ಪ್ರಾಂತದ ಮೆರೋ ಎಂಬ ಮನೆತನದ ಕಾರ್ಖಾನೆಯಲ್ಲಿ 1881ರಲ್ಲಿ ಈ ಬಗೆಯ ಹೊಲಿಗೆ ರೂಪುಗೊಂಡಿತು. ಬಹುಕಾಲ ಇದು ಕಾರ್ಖಾನೆಗಳ ಸೊತ್ತಾಗಿತ್ತು. ಮನೆಯ ಮೇಜಿಗೆ ಒಪ್ಪುವ ಚಿಕ್ಕ ರೂಪವನ್ನು ಜಪಾನಿನವರು 1960ರ ದಶಕದಲ್ಲಿ ಸಿದ್ಧಪಡಿಸಿದರು.

ಇದರಲ್ಲಿ ಬಾಬಿನ್ ಇಲ್ಲ. ಅದಕ್ಕೆ ಬದಲಾಗಿ ಲೂಪರ್ ಎಂಬ ಎರಡು ಕೊಕ್ಕೆಗಳಿವೆ. ಸೂಜಿಯ ದಾರ ಬಟ್ಟೆಯನ್ನು ಚುಚ್ಚಿ ಇಳಿಯುತ್ತದೆ; ಮೇಲಿನ ಲೂಪರಿನ ದಾರ ಬಟ್ಟೆಯ ಮೇಲ್ಭಾಗದಲ್ಲಿಯೂ ಕೆಳಗಿನದರ ದಾರ ಅಡಿಯಲ್ಲಿಯೂ ಹರಿದು, ಎರಡೂ ಅಂಚಿನಲ್ಲಿ ಕೈ ಹಿಡಿದುಕೊಳ್ಳುತ್ತವೆ. ಸೂಜಿಗೂ ಮುಂಚೆ ಎರಡು ಬ್ಲೇಡುಗಳು ಕತ್ತರಿಯಂತೆ ಕೂಡಿ ಅಂಚನ್ನು ಸಮ ಮಾಡುತ್ತವೆ. ಇಷ್ಟೆಲ್ಲ ನಿಮಿಷಕ್ಕೆ ಸಾವಿರಕ್ಕೂ ಮಿಕ್ಕ ವೇಗದಲ್ಲಿ ನಡೆಯುತ್ತದೆ. ಒಂದು ದಾರ ಹೆಜ್ಜೆ ತಪ್ಪಿದರೆ ಉಳಿದವೂ ತಪ್ಪುವುದು ಸಹಜವೇ.

ದಾರ ಪೋಣಿಸುವ ಕ್ರಮ

ಹತ್ತರಲ್ಲಿ ಎಂಟು ತಂಟೆಗಳು ಇಲ್ಲಿಯೇ ಹುಟ್ಟುತ್ತವೆಂದರೆ ಅತಿಶಯೋಕ್ತಿಯಾಗದು. ಸಾಮಾನ್ಯವಾಗಿ ಮೊದಲು ಮೇಲಿನ ಲೂಪರ್, ಅನಂತರ ಕೆಳಗಿನ ಲೂಪರ್, ಕಟ್ಟಕಡೆಗೆ ಸೂಜಿಗಳು. ಈ ಕ್ರಮಕ್ಕೆ ಕಾರಣವುಂಟು. ಸೂಜಿಯಲ್ಲಿ ದಾರವಿರುವಾಗಲೇ ಕೆಳಗಿನ ಲೂಪರಿಗೆ ಪೋಣಿಸಿದರೆ ಎರಡು ದಾರಗಳು ಒಂದಕ್ಕೊಂದು ಸುತ್ತಿಕೊಂಡು, ನಾಲ್ಕು ಹೊಲಿಗೆ ಹಾಕುವಷ್ಟರಲ್ಲಿ ಮತ್ತೆ ಹರಿಯುತ್ತವೆ. ಕೆಳಗಿನ ಲೂಪರಿನ ದಾರ ಹರಿದಾಗಲೆಲ್ಲ ಸೂಜಿಯ ದಾರವನ್ನೂ ತೆಗೆದು, ಲೂಪರಿನದನ್ನು ಪೂರೈಸಿ, ಬಳಿಕ ಸೂಜಿಗೆ ಬರಬೇಕು. ಸೋಮಾರಿತನಕ್ಕೆ ಇಲ್ಲಿ ದಂಡ ತಪ್ಪದು.

ಪೋಣಿಸುವಾಗ ಬಟ್ಟೆಯನ್ನು ಒತ್ತಿಹಿಡಿಯುವ ಫೂಟನ್ನು ಎತ್ತಿರಿ. ಪ್ರತಿ ದಾರವನ್ನೂ ಮೆಲ್ಲಗೆ ಜಗ್ಗಿ, ಟೆನ್ಷನ್ ಬಿಲ್ಲೆಗಳ ನಡುವೆ ಸರಿಯಾಗಿ ಕುಳಿತಿದೆಯೇ ಎಂದು ನೋಡಿರಿ. ಹಿಂದಿನ ದಾರದ ಕಂಬವನ್ನು ಪೂರ್ತಿ ಎತ್ತರಕ್ಕೆ ಎಳೆದಿರಬೇಕು. ಅರ್ಧ ಎಳೆದ ಕಂಬದಿಂದಲೇ ಎಷ್ಟೋ ದಾರಗಳು ಹರಿಯುತ್ತವೆ. ಕೊನೆಯಲ್ಲಿ ದಾರದ ತುದಿಗಳನ್ನು ಫೂಟಿನ ಅಡಿಯಲ್ಲಿ ಹಿಂದಕ್ಕೆ ಸರಿಸಿ, ಕೈಚಕ್ರವನ್ನು ಬಾಣದ ಗುರುತಿನ ದಿಕ್ಕಿಗೆ ಮೂರು ನಾಲ್ಕು ಸುತ್ತು ತಿರುಗಿಸಿರಿ. ಸರಪಳಿ ಕಟ್ಟಿಕೊಂಡ ಮೇಲೆ ಪೆಡಲಿನ ಮೇಲೆ ಕಾಲಿಡಿರಿ.

ನಾಲ್ಕು ಬಣ್ಣದ ಪರೀಕ್ಷೆ

ಕಛೇರಿಯಲ್ಲಿ ಕಡತವೊಂದು ನಿಂತುಹೋದರೆ ಯಾವ ಮೇಜಿನ ಮೇಲೆ ನಿಂತಿದೆಯೆಂದು ಮೊದಲು ಹುಡುಕುತ್ತೇವೆ. ಎಲ್ಲ ಮೇಜುಗಳನ್ನೂ ಬುಡಮೇಲು ಮಾಡುವುದಿಲ್ಲ. ಯಂತ್ರಕ್ಕೂ ಇದೇ ನ್ಯಾಯ. ನಾಲ್ಕು ಕೋನುಗಳಿಗೂ ಬೇರೆ ಬೇರೆ ಬಣ್ಣದ, ಆದರೆ ಒಂದೇ ದಪ್ಪದ ದಾರ ಹಾಕಿ, ತುಂಡುಬಟ್ಟೆಯ ಮೇಲೆ ಒಂದು ಗೇಣು ಹೊಲಿಯಿರಿ. ತಪ್ಪು ಯಾರದೆಂದು ಬಣ್ಣವೇ ಹೇಳುತ್ತದೆ.

ಮೇಲಿನ ಲೂಪರಿನ ದಾರ ಬಟ್ಟೆಯ ಅಡಿಗೆ ಇಳಿದಿದ್ದರೆ ಅದು ಸಡಿಲವಾಗಿದೆ, ಇಲ್ಲವೇ ಕೆಳಗಿನದು ಬಿಗಿಯಾಗಿದೆ. ಕೆಳಗಿನ ದಾರ ಮೇಲಕ್ಕೆ ಹತ್ತಿದ್ದರೆ ಇದರ ವಿಪರೀತ. ಸೂಜಿಯ ದಾರ ಅಡಿಯಲ್ಲಿ ಕುಣಿಕೆಗಳಾಗಿ ಕಂಡರೆ, ಅಥವಾ ಸೀಳನ್ನು ಎಳೆದಾಗ ಹೊಲಿಗೆ ಬಾಯಿಬಿಟ್ಟರೆ, ಸೂಜಿಯ ಟೆನ್ಷನ್ ಸಾಲದು. ಬಟ್ಟೆ ನೆರಿಗೆಗಟ್ಟಿದರೆ ಅದು ಹೆಚ್ಚಾಗಿದೆ. ಒಮ್ಮೆಗೆ ಒಂದೇ ಡಯಲನ್ನು, ಅದೂ ಅರ್ಧ ಅಂಕೆಯಷ್ಟೇ, ತಿರುಗಿಸಿ ಮತ್ತೆ ಹೊಲಿದು ನೋಡಿರಿ. ಸರಿಬಂದ ಅಂಕೆಗಳನ್ನು ಬಟ್ಟೆಯ ಹೆಸರಿನೊಡನೆ ಒಂದು ಪುಸ್ತಕದಲ್ಲಿ ಬರೆದು, ಆ ತುಂಡನ್ನು ಪಕ್ಕದಲ್ಲಿ ಅಂಟಿಸಿಟ್ಟರೆ ಮುಂದಿನ ಸಲ ಅರ್ಧ ಕೆಲಸ ಮುಗಿದಂತೆಯೇ.

ಬನಿಯನ್ ಬಟ್ಟೆಯ ಅಂಚು ಅಲೆಯಲೆಯಾದರೆ ಟೆನ್ಷನ್ನನ್ನು ದೂರಬೇಡಿರಿ. ಬಟ್ಟೆಯನ್ನು ಮುಂದೂಡುವ ಹಲ್ಲುಗಳು ಈ ಯಂತ್ರದಲ್ಲಿ ಎರಡು ಜೊತೆ. ಅವುಗಳ ಚಲನೆಯ ಅನುಪಾತವನ್ನು ಬದಲಿಸುವ ಡಯಲನ್ನು 1ಕ್ಕಿಂತ ಮೇಲಕ್ಕೆ ತಂದರೆ ಅಲೆ ಇಳಿಯುತ್ತದೆ. ತೆಳು ರೇಷ್ಮೆ ಮುದುಡಿದರೆ 1ಕ್ಕಿಂತ ಕೆಳಕ್ಕೆ ತರಬೇಕು.

ಸೂಜಿ, ಬ್ಲೇಡು, ಧೂಳು

ನಡುನಡುವೆ ಹೊಲಿಗೆ ತಪ್ಪುತ್ತಿದ್ದರೆ ಮೊದಲ ಅನುಮಾನ ಸೂಜಿಯ ಮೇಲಿರಲಿ. ಸುಮಾರು 8 ಗಂಟೆ ಓಡಿದ ಸೂಜಿಯನ್ನು ಬದಲಿಸುವುದು ಒಳ್ಳೆಯದು. ಎಲ್ಲ ಯಂತ್ರಗಳಿಗೂ ಒಂದೇ ಜಾತಿಯ ಸೂಜಿ ಹೊಂದುವುದಿಲ್ಲ. ಯಂತ್ರದೊಡನೆ ಬಂದ ಕೈಪಿಡಿಯಲ್ಲಿ ಹೇಳಿರುವುದನ್ನೇ ಕೊಂಡು, ಮೇಲಿನವರೆಗೂ ತಳ್ಳಿ ತಿರುಪು ಬಿಗಿಯಿರಿ.

ಟಾಚಣಿ ಇರುವ ಬಟ್ಟೆಯನ್ನು ಎಂದಿಗೂ ಫೂಟಿನ ಅಡಿಗೆ ಬಿಡಬಾರದು. ಬ್ಲೇಡು ಮುಕ್ಕಾಗುವುದು ಹಾಗಿರಲಿ, ಮುರಿದ ಚೂರು ಕಣ್ಣಿಗೆ ಹಾರಬಹುದು. ಕೈಯಿಂದ ಟಾಕು ಹಾಕಿಕೊಳ್ಳಿರಿ. ಅಂಚು ಜಗಿದಂತೆ ಎಳೆಎಳೆಯಾಗಿ ಬಂದರೆ ಬ್ಲೇಡು ಮೊಂಡಾಗಿದೆಯೆಂದು ಅರ್ಥ. ದುಬಾರಿ ಬಟ್ಟೆಯನ್ನು ಹೊಲಿಯುವಾಗ ಅಂಚನ್ನು ಮೊದಲೇ ಕತ್ತರಿಯಿಂದ ಸಮ ಮಾಡಿ, ಬ್ಲೇಡನ್ನು ಸರಿಸಿಟ್ಟೇ ಹೊಲಿಯುವುದು ಕ್ಷೇಮ.

ಕತ್ತರಿಸುವ ಯಂತ್ರವಾದ್ದರಿಂದ ಇದರ ಹೊಟ್ಟೆಯಲ್ಲಿ ನೂಲಿನ ಹೊಟ್ಟು ಬಹಳ. ಅದಕ್ಕೆ ನಮ್ಮ ಮಾದಾಪುರದ ಕಟ್ಟಡ ಕೆಲಸದ ಧೂಳೂ ಸೇರುತ್ತದೆ. ಪ್ರತಿ ಉಡುಪು ಮುಗಿದ ಮೇಲೆ ಪ್ಲಗ್ ಕಿತ್ತು, ಮುಚ್ಚಳ ತೆರೆದು, ಮೆತ್ತನೆಯ ಕುಂಚದಿಂದ ಗುಡಿಸಿರಿ. ಬಾಯಿಂದ ಊದಬೇಡಿರಿ, ಉಸಿರಿನ ತೇವ ಲೋಹಕ್ಕೆ ಹಿತವಲ್ಲ. ಎಣ್ಣೆ ಹಾಕಲು ಹೇಳಿದ್ದರೆ, ತೋರಿಸಿದ ಕಡೆ ಒಂದೊಂದೇ ತೊಟ್ಟು, ಹೊಲಿಗೆ ಯಂತ್ರದ ತಿಳಿ ಎಣ್ಣೆಯನ್ನೇ ಹಾಕಿರಿ. ಕೊಬ್ಬರಿ ಎಣ್ಣೆ ತಲೆಗೆ ತಂಪು. ಯಂತ್ರದೊಳಗೆ ಅಂಟಾಗಿ ಕೂರುತ್ತದೆ. ಎಣ್ಣೆ ಹಾಕಿದ ಮೇಲೆ ಹಳೆಯ ಬಟ್ಟೆಯ ಮೇಲೆ ಸ್ವಲ್ಪ ಹೊತ್ತು ಓಡಿಸದೆ ರೇಷ್ಮೆಯನ್ನು ಮುಟ್ಟಬಾರದು.

ಅಮೆರಿಕದಿಂದ ಬಂದ ಯಂತ್ರ

ಮಗಳೋ ಮೈದುನನೋ ಅಮೆರಿಕದಿಂದ ಬರುವಾಗ ಪೆಟ್ಟಿಗೆಯಲ್ಲಿಟ್ಟು ತಂದ ಯಂತ್ರಗಳಿಗೆ ಒಂದು ಎಚ್ಚರಿಕೆ ಅಗತ್ಯ. ಅಲ್ಲಿಯ ವಿದ್ಯುತ್ತು 120 ವೋಲ್ಟು, ನಮ್ಮದು 230. ಪ್ಲಗ್ಗಿನ ಆಕಾರ ಬದಲಿಸುವ ಅಡಾಪ್ಟರ್ ವೋಲ್ಟನ್ನು ಬದಲಿಸುವುದಿಲ್ಲ. ನೇರವಾಗಿ ಚುಚ್ಚಿದರೆ ಮೋಟಾರು ಸುಟ್ಟುಹೋಗಬಹುದು. ಯಂತ್ರದ ಫಲಕವನ್ನು ಓದಿ, ಅಲ್ಲಿ ಬರೆದ ವ್ಯಾಟಿಗಿಂತ ಅಧಿಕ ಶಕ್ತಿಯ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಕೊಂಡ ಮೇಲೆಯೇ ಸ್ವಿಚ್ಚಿಗೆ ಕೈ ಹಾಕಿರಿ. ಮನೆಯಲ್ಲಿ ಮಕ್ಕಳಿದ್ದರೆ, ಯಾವ ದೇಶದ ಯಂತ್ರವಾದರೂ ಸರಿ, ಕೆಲಸ ಮುಗಿದೊಡನೆ ಪ್ಲಗ್ ಕಿತ್ತಿಡಬೇಕು. ಪೆಡಲು ನೆಲದ ಮೇಲಿರುತ್ತದೆ, ಮಕ್ಕಳ ಬೆರಳು ಬ್ಲೇಡಿನ ಬಳಿ ಹೋಗುತ್ತದೆ.

ಮೆಕ್ಯಾನಿಕ್ಕನ ಬಳಿಗೆ ಯಾವಾಗ?

ದಾರ ಮತ್ತೆ ಪೋಣಿಸಿ, ಸೂಜಿ ಬದಲಿಸಿ, ಹೊಟ್ಟು ಗುಡಿಸಿದ ಮೇಲೂ ಹೊಲಿಗೆ ತಪ್ಪುತ್ತಿದ್ದರೆ, ಅಥವಾ ಒಳಗೆ ಲೋಹಕ್ಕೆ ಲೋಹ ತಗುಲುವ ಸದ್ದು ಬಂದರೆ, ಲೂಪರಿಗೂ ಸೂಜಿಗೂ ಇರುವ ಹೊಂದಾಣಿಕೆ ಕೆಟ್ಟಿರಬಹುದು. ಅದರ ತಿರುಪುಗಳನ್ನು ಮನೆಯಲ್ಲಿ ಸಡಿಲಿಸತಕ್ಕದ್ದಲ್ಲ. ಅದು ಕೈ ಪಳಗಿದವರ ಕೆಲಸ. ಹೋಗುವಾಗ ನಾಲ್ಕು ಬಣ್ಣದ ಮಾದರಿ ತುಂಡನ್ನು ಜೊತೆಗೆ ಒಯ್ಯಿರಿ. ಕನ್ನಡ, ತೆಲುಗು, ಹಿಂದಿ ಯಾವುದರಲ್ಲಿಯೂ ವಿವರಿಸಲು ತಿಣುಕಬೇಕಾಗಿಲ್ಲ. ಬಲ್ಲವನು ತುಂಡನ್ನು ತಿರುವಿ ನೋಡಿದರೆ ರೋಗ ಅವನಿಗೆ ತಿಳಿಯುತ್ತದೆ.

ಅಟ್ಟದ ಮೇಲೆ ಧೂಳು ಹೊತ್ತು ಕುಳಿತ ಯಂತ್ರವಿದ್ದರೆ ಈ ಭಾನುವಾರ ಕೆಳಗಿಳಿಸಿರಿ. ಹೊಸ ಸೂಜಿ, ಒಂದು ಕುಂಚ, ನಾಲ್ಕು ಬಣ್ಣದ ದಾರ, ಒಂದು ಹಳೆಯ ದಿಂಬಿನ ಚೀಲ: ಇಷ್ಟಿದ್ದರೆ ಸಾಕು. ಮಾರುವವನಿಗೆ ಕರೆ ಮಾಡುವ ಮುನ್ನ ಒಂದು ಮಧ್ಯಾಹ್ನವನ್ನು ಅದಕ್ಕೆ ಕೊಟ್ಟು ನೋಡುವುದು ಯಾರಿಗೂ ನಷ್ಟವಲ್ಲ.