ನುಡಿಯಿಂದ ನಡೆಗೆ: ಕಲ್ಯಾಣದ ನೆಲದಲ್ಲಿ ಒಂದು ವಿಚಾರ

ಬಸವಕಲ್ಯಾಣವೆಂಬ ಹೆಸರು ಕಿವಿಗೆ ಬಿದ್ದೊಡನೆ ಕನ್ನಡಿಗನ ನೆನಪಿಗೆ ಬರುವುದು ಚಾಲುಕ್ಯರ ರಾಜಧಾನಿ, ಹನ್ನೆರಡನೆಯ ಶತಮಾನದ ಶರಣರು, ಅನುಭವಮಂಟಪ. ನುಡಿಯೂ ನಡೆಯೂ ಒಂದಾಗಿರಬೇಕೆಂಬುದು ಆ ಶರಣರು ಲೋಕಕ್ಕೆ ಕೊಟ್ಟ ಒರೆಗಲ್ಲು. ಅಂತಹ ಊರಿನ ಹೆಸರೆತ್ತಿ ಸೊಳ್ಳೆಯ ಮಾತನಾಡುವುದು ಕೆಲವರಿಗೆ ಅಪಚಾರವೆನಿಸಬಹುದು. ಆದರೆ ಬಸವಕಲ್ಯಾಣದಿಂದ ಹುಮನಾಬಾದಿನವರೆಗೆ ಕೆಲವು ದಿನ ಅಲೆದಾಡಿದ ನನಗೆ, ವಿಜ್ಞಾನದ ನುಡಿಗೂ ಆಡಳಿತದ ನಡೆಗೂ ನಡುವೆ ಇರುವ ಅಂತರವನ್ನು ಅಳೆಯಲು ಅದಕ್ಕಿಂತ ತಕ್ಕ ಒರೆಗಲ್ಲು ಬೇರೆ ದೊರೆಯಲಿಲ್ಲ.

ಈ ಕಥೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ನೆರೆಯಲ್ಲಿಯೇ. ಬೀದರ್ ಜಿಲ್ಲೆಯು 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತಷ್ಟೆ. ಅದೇ ಹೈದರಾಬಾದಿನ ಮಗ್ಗುಲಿನ ಸಿಕಂದರಾಬಾದಿನಲ್ಲಿ, 1897ರ ಆಗಸ್ಟ್ 20ರಂದು, ರೊನಾಲ್ಡ್ ರಾಸ್ ಎಂಬ ಸೇನಾ ವೈದ್ಯನು ಸೊಳ್ಳೆಯ ಜಠರದ ಗೋಡೆಯಲ್ಲಿ ಮಲೇರಿಯಾದ ಜೀವಾಣುವನ್ನು ಕಂಡನು. ಅದಕ್ಕೂ ಇಪ್ಪತ್ತು ವರ್ಷ ಮೊದಲು, 1877ರಲ್ಲಿ, ಅವನಿಗೆ ಮುಂದೆ ಗುರುವಾದ ಪ್ಯಾಟ್ರಿಕ್ ಮ್ಯಾನ್ಸನ್ ಚೀನದ ಅಮೊಯ್ ಬಂದರಿನಲ್ಲಿ, ಆನೆಕಾಲು ರೋಗದ ಹುಳು ಸೊಳ್ಳೆಯ ಒಡಲಲ್ಲಿ ಬೆಳೆಯುವುದನ್ನು ನೋಡಿದ್ದನು. ರಾಸ್‌ಗೆ 1902ರಲ್ಲಿ ನೊಬೆಲ್ ಬಹುಮಾನ ಬಂದಿತು. ಆದರೆ ಆ ಜ್ಞಾನವು ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವೆಂಬ ರೂಪದಲ್ಲಿ ದೇಶದ ಮನೆಬಾಗಿಲಿಗೆ ಬಂದದ್ದು 1953ರಲ್ಲಿ.

ನಡುವೆ ಸೇತುವೆ ಕಟ್ಟಿದವರಲ್ಲಿ ನಮ್ಮ ನಾಡಿಗೆ ಸಂಬಂಧಿಸಿದವರೂ ಇದ್ದರು. ಮುಂಬಯಿ ಪ್ರಾಂತದ ಡಾ. ಡಿ. ಕೆ. ವಿಶ್ವನಾಥನ್ ಅವರು 1946ರಲ್ಲಿ ಧಾರವಾಡ ಮತ್ತು ಕಾರವಾರ ಸೀಮೆಗಳ ಮನೆಗಳ ಒಳಗೋಡೆಗೆ ಡಿ.ಡಿ.ಟಿ. ಸಿಂಪಡಿಸುವ ಕೆಲಸವನ್ನು ಆರಂಭಿಸಿದರು. ರಕ್ತ ಹೀರಿದ ಸೊಳ್ಳೆ ಗೋಡೆಯ ಮೇಲೆ ವಿಶ್ರಮಿಸುತ್ತದೆಂಬ ಸಂಶೋಧನೆಯ ಮಾತು ಅಲ್ಲಿ ಕಾರ್ಯವಾಯಿತು. ವರ್ಷಕ್ಕೆ ಸುಮಾರು ಏಳೂವರೆ ಕೋಟಿ ಜನರನ್ನು ಹಿಡಿಯುತ್ತಿದ್ದ ಮಲೇರಿಯಾ, 1965ರ ಹೊತ್ತಿಗೆ ದೇಶದಲ್ಲಿ ಒಂದು ಲಕ್ಷದಷ್ಟಕ್ಕೆ ಇಳಿಯಿತು. ಗೆದ್ದೆವೆಂದು ಮೈಮರೆತಾಗ, ಸೊಳ್ಳೆಯೂ ವಿಷಕ್ಕೆ ಒಗ್ಗಿಕೊಂಡಾಗ, 1976ರಲ್ಲಿ ಅದೇ ಸಂಖ್ಯೆ ಅರವತ್ತನಾಲ್ಕು ಲಕ್ಷಕ್ಕೆ ಏರಿತು. ಸೇತುವೆಯನ್ನು ಕಟ್ಟಿದರೆ ಸಾಲದು, ಕಾಯಲೂ ಬೇಕು.

ಬೀದರ್ ಜಿಲ್ಲೆಯ ಪಾಲಿಗೆ ಬಂದ ಹಳೆಯ ಪೀಡೆ ಆನೆಕಾಲು. ಕರ್ನಾಟಕದಲ್ಲಿ ಈ ರೋಗ ನೆಲೆಸಿದ ಜಿಲ್ಲೆಗಳ ಪಟ್ಟಿಯಲ್ಲಿ ಕಲಬುರಗಿ, ಯಾದಗಿರಿ, ರಾಯಚೂರುಗಳೊಡನೆ ಬೀದರವೂ ಇದೆ. ಕೊಳಕು ಚರಂಡಿಯಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಇದರ ವಾಹನ. ಹುಳುವಿನ ಮರಿಗಳು ರಾತ್ರಿಯ ವೇಳೆಯಲ್ಲಿಯೇ ರಕ್ತದ ಮೇಲ್ಪದರಕ್ಕೆ ಬರುವುದರಿಂದ, ಊರು ಮಲಗಿದ ಮೇಲೆ ರಕ್ತದ ಹನಿ ತೆಗೆಯಲು ಆರೋಗ್ಯ ಸಿಬ್ಬಂದಿ ಮನೆಮನೆಗೆ ಹೋಗಬೇಕು. ಬೆರಳಿನ ಹನಿಯಲ್ಲಿ ಮರಿಗಳಿದ್ದರೂ ಆ ಮನುಷ್ಯನ ಕಾಲು ನೆಟ್ಟಗೇ ಇರಬಹುದು. ಕಾಲು ಬಾತುಕೊಂಡ ಮೇಲೆ ಅದನ್ನು ಪೂರ್ವಸ್ಥಿತಿಗೆ ತರುವ ಗುಳಿಗೆ ಇಲ್ಲ.

ಆದುದರಿಂದಲೇ 2004ರಿಂದ ವರ್ಷಕ್ಕೊಮ್ಮೆ ಎಲ್ಲರಿಗೂ ಗುಳಿಗೆ ಕೊಡುವ ನೀತಿ ಬಂದಿತು. ಎರಡು ಮದ್ದಿಗಿಂತ ಮೂರು ಮದ್ದು ಬೇಗ ಫಲ ಕೊಡುವುದಾದರೂ ಸುರಕ್ಷಿತವೇ ಎಂಬ ಪ್ರಶ್ನೆ ಉಳಿದಿತ್ತು. ಅದಕ್ಕೆ ಉತ್ತರ ಹುಡುಕಿದ ಅಧ್ಯಯನ ಐದು ದೇಶಗಳಲ್ಲಿ ನಡೆಯಿತು; ಭಾರತದಲ್ಲಿ ಅದರ ನೆಲೆ ನಮ್ಮ ಯಾದಗಿರಿ ಜಿಲ್ಲೆ, ನಡೆಸಿದ್ದು ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರ. ಒಟ್ಟು 26,836 ಜನ ಭಾಗವಹಿಸಿದರು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೂರು ಮದ್ದಿನ ಕ್ರಮಕ್ಕೆ ಒಪ್ಪಿಗೆ ಕೊಟ್ಟಿತು. ಕಲ್ಯಾಣ ಕರ್ನಾಟಕದ ಹಳ್ಳಿಗರ ಸಹನೆ ಜಗತ್ತಿನ ನೀತಿಗೆ ಒಂದು ಆಧಾರವಾಯಿತೆಂಬುದನ್ನು ನಮ್ಮ ಶಾಲೆಯ ಮಕ್ಕಳು ತಿಳಿಯಬೇಕು.

ಇಷ್ಟಾದರೂ ಕೊನೆಯ ಹೆಜ್ಜೆ ಕಠಿಣವಾದುದು. ಹುಮನಾಬಾದಿನ ಒಂದು ಓಣಿಯಲ್ಲಿ ಆಶಾ ಕಾರ್ಯಕರ್ತೆಯೊಬ್ಬಳ ಹಿಂದೆ ನಡೆದಿದ್ದೆ. ಕಟ್ಟೆಯ ಮೇಲೆ ಕುಳಿತ ಮುದುಕಿ ಕೇಳಿದಳು: “ನನಗೇನು ರೋಗ ಬಂದದ ತಂಗಿ? ಗುಳಿಗಿ ಯಾಕ ನುಂಗಲಿ?”

“ಬಂದ ಮ್ಯಾಲ ನುಂಗಿದ್ರ ಕಾಲು ಇಳಿಯಂಗಿಲ್ಲ ಆಯಿ. ಉಂಡೀದಿಲ್ಲೋ? ನನ್ನ ಮುಂದೇ ನುಂಗು” ಎಂದಳು ಆಕೆ.

ಆ ಒಂದು ಮಾತಿನಲ್ಲಿ ಸಂಶೋಧನೆಯ ಸಾರವೆಲ್ಲ ಅಡಗಿತ್ತು. ಹಂಚಿದ ಗುಳಿಗೆಗಳೆಲ್ಲ ಹೊಟ್ಟೆ ಸೇರುವುದಿಲ್ಲ. ಎಷ್ಟೋ ಗುಳಿಗೆ ಗೂಡಿನಲ್ಲಿ ಉಳಿಯುತ್ತವೆ. ಹಂಚಿದ್ದನ್ನೇ ಎಣಿಸಿದರೆ ವರದಿ ಆರೋಗ್ಯವಾಗಿರುತ್ತದೆ, ಊರು ಆಗಿರುವುದಿಲ್ಲ. ಎದುರಿನಲ್ಲಿಯೇ ನುಂಗಿಸಬೇಕೆಂಬ ನಿಯಮ ಹುಟ್ಟಿದ್ದು ಈ ಅರಿವಿನಿಂದ. ಮರಿಹುಳು ಸಾಯುವಾಗ ಕೆಲವರಿಗೆ ಜ್ವರ, ತಲೆನೋವು ಬರುವುದುಂಟು. ಅದನ್ನು ಮುಂಚಿತವಾಗಿ ಹೇಳದಿದ್ದರೆ ಮರುವರ್ಷ ಬಾಗಿಲು ಮುಚ್ಚಿರುತ್ತದೆ.

ಡೆಂಗಿಯ ಸಂಗತಿ ಇನ್ನೂ ಬೇರೆ. 2024ರಲ್ಲಿ ಕರ್ನಾಟಕ ಸರ್ಕಾರವು ಅದನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಹುಟ್ಟಲು ಎಡೆಗೊಟ್ಟ ಮನೆಗಳಿಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಪಡಿಸಿತು. ಈಡಿಸ್ ಸೊಳ್ಳೆ ಹುಟ್ಟುವುದು ಕೂಡಿಟ್ಟ ತಿಳಿನೀರಿನಲ್ಲಿ ಎಂಬುದು ನಿಜ. ಆದರೆ ನಳದ ನೀರು ದಿನವೂ ಬಾರದ ಮನೆಯ ಗೃಹಿಣಿ ಹೌದು, ಡ್ರಮ್ಮು, ಕೊಡಗಳನ್ನು ತುಂಬಿಡದೆ ಏನು ಮಾಡಿಯಾಳು? ವಾರಕ್ಕೊಮ್ಮೆ ತೊಳೆದು ಒಣಗಿಸಿ ಮುಚ್ಚಿಡಿರೆಂದು ಕಲಿಸುವುದು ಸರಿ. ಅದರ ಜೊತೆಗೆ ನಳದಲ್ಲಿ ನೀರು ಬರುವಂತೆ ಮಾಡುವುದೂ ರೋಗನಿಯಂತ್ರಣವೇ. ದಂಡವು ಬಡವಳ ಕೊಡಕ್ಕೆ ಬಿದ್ದು, ಪುರಸಭೆಯ ಚರಂಡಿಗೆ ಬೀಳದಿದ್ದರೆ ನ್ಯಾಯವಾಗದು.

ಆನೆಕಾಲು ರೋಗವನ್ನು 2027ರೊಳಗೆ ತೊಲಗಿಸುವುದು ದೇಶದ ಗುರಿ. ಅದಕ್ಕೆ ಬೇಕಾದ ಮದ್ದು ಇದೆ, ಅರಿವೂ ಇದೆ. ಸಂಶೋಧಕರ ಮಾತು ಓಣಿಗೆ ಇಳಿದುಬರುವಂತೆ, ಓಣಿಯ ಆ ತಂಗಿ ಕಂಡದ್ದು ಸಂಶೋಧಕರಿಗೂ ಸಚಿವಾಲಯಕ್ಕೂ ಏರಿಹೋಗುವ ದಾರಿಯೊಂದು ಬೇಕು. ಕಾಯಕ ಮಾಡುವವರ ಮಾತಿಗೂ ಪಂಡಿತರ ಮಾತಿಗೂ ಒಂದೇ ಮಂಟಪದಲ್ಲಿ ಸ್ಥಾನ ಕೊಟ್ಟ ಪರಂಪರೆ ಈ ನೆಲದ್ದು. ಅದನ್ನು ಸ್ಮಾರಕಗಳಲ್ಲಿ ಮಾತ್ರವಲ್ಲದೆ, ಆರೋಗ್ಯ ಕೇಂದ್ರದ ದಾಖಲೆಯಲ್ಲಿಯೂ ಕಾಣುವಂತಾದರೆ ಕಲ್ಯಾಣವೆಂಬ ಹೆಸರು ಸಾರ್ಥಕ.